ಮಳೆಗಾಳಿಯಲ್ಲಿ ಹದಗೊಂಡ ಕಾಫಿ: ರುಚಿ ನೋಡುವುದನ್ನು ಕಲಿಯುವ ಬಗೆ

ಜೂನ್ ತಿಂಗಳಲ್ಲಿ ಪಶ್ಚಿಮ ಸಮುದ್ರದ ಮೇಲಿನಿಂದ ಮಳೆಗಾಳಿ ಬೀಸತೊಡಗಿತೆಂದರೆ, ಮಂಗಳೂರಿನ ಮನೆಗಳಲ್ಲಿ ಹಪ್ಪಳ, ಸಂಡಿಗೆ, ಮೆಣಸು, ಕೊತ್ತಂಬರಿಗಳನ್ನು ಡಬ್ಬಗಳಲ್ಲಿ ಬಿಗಿದಿಟ್ಟು, ತೇವವು ಅವುಗಳ ಹತ್ತಿರ ಸುಳಿಯದಂತೆ ಕಾಪಾಡುವ ಚಿಂತೆ ಹತ್ತಿಕೊಳ್ಳುವ ಅದೇ ಕಾಲದಲ್ಲಿ, ಅದೇ ಊರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳ ವಿಶಾಲವಾದ ಉಗ್ರಾಣಗಳಲ್ಲಿ, ಚೆನ್ನಾಗಿ ಒಣಗಿದ ಕಾಫಿ ಬೀಜವನ್ನು ನೆಲದ ಮೇಲೆ ಹರಡಿ, ಪಕ್ಕದ ತೆರಪುಗಳಿಂದ ಒಳನುಗ್ಗುವ ಆರ್ದ್ರವಾಯುವಿಗೆ ಬುದ್ಧಿಪೂರ್ವಕವಾಗಿ ಒಡ್ಡುವ ಕೆಲಸ ನಡೆಯುತ್ತಿರುತ್ತದೆ. ತುಳು ತಿಂಗಳುಗಳಾದ ಕಾರ್ತೆಲಿನಿಂದ ಸೋಣದವರೆಗೆ ಹೀಗೆ ಗಾಳಿಯುಂಡು, ಉಬ್ಬಿ, ಹಸುರು ಕಳೆದು ಹೊಂಬಣ್ಣಕ್ಕೆ ತಿರುಗಿದ ಬೀಜವೇ ಪ್ರಪಂಚದ ಕಾಫಿ ಮಾರುಕಟ್ಟೆಯಲ್ಲಿ ‘ಮಾನ್ಸೂನ್ಡ್ ಮಲಬಾರ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವುದು. ಅದರ ಬಹುಭಾಗವು ಹಡಗೇರಿ ಪರದೇಶಗಳಿಗೆ ಹೊರಟುಹೋಗುವುದರಿಂದ, ಅದನ್ನು ಸಿದ್ಧಪಡಿಸುವ ಊರಿನಲ್ಲಿಯೇ ವಾಸಿಸುವ ನಮ್ಮಲ್ಲಿ ಅನೇಕರಿಗೆ ಅದರ ರುಚಿಯ ಪರಿಚಯವಿಲ್ಲ. ಆ ಪರಿಚಯವನ್ನು ಕ್ರಮವಾಗಿ ಮಾಡಿಕೊಳ್ಳುವುದು ಹೇಗೆ, ಐದಾರು ಮಂದಿ ಸ್ನೇಹಿತರು ಒಂದು ಮನೆಯಲ್ಲಿ ಕುಳಿತು, ಬಲ್ಲವರೊಬ್ಬರ ಮಾರ್ಗದರ್ಶನದಲ್ಲಿ ಅಥವಾ ಬಲ್ಲವರು ದೊರೆಯದಿದ್ದರೆ ತಾವೇ, ಈ ರುಚಿಪರೀಕ್ಷೆಯನ್ನು ನಡೆಸುವುದು ಹೇಗೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ಈ ಕಾಫಿಯ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ, ಏಕೆಂದರೆ ಅದರ ರುಚಿಯು ಅದರ ಚರಿತ್ರೆಯಿಂದಲೇ ಹುಟ್ಟಿದುದು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಗಳಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನಾವೆಲ್ಲರೂ ಕೇಳಿದ್ದೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ತೋಟಗಳು ವಿಸ್ತಾರಗೊಂಡ ಮೇಲೆ, ಘಟ್ಟದ ಮೇಲಿನ ಬೆಳೆ ಕಣಿವೆಯ ದಾರಿಗಳನ್ನು ಇಳಿದು ಕರಾವಳಿಯ ಬಂದರುಗಳನ್ನು ಸೇರಿ, ಅಲ್ಲಿಂದ ಹಾಯಿಹಡಗುಗಳಲ್ಲಿ ಯೂರೋಪಿಗೆ ಸಾಗತೊಡಗಿತು. ಆಫ್ರಿಕಾ ಖಂಡದ ದಕ್ಷಿಣ ತುದಿಯನ್ನು ಬಳಸಿಕೊಂಡು ಹೋಗಬೇಕಾಗಿದ್ದ ಆ ಪ್ರಯಾಣಕ್ಕೆ ಸುಮಾರು ಆರು ತಿಂಗಳು ಹಿಡಿಯುತ್ತಿತ್ತು. ಅಷ್ಟು ಕಾಲ ಮರದ ಹಡಗಿನ ತಳದಲ್ಲಿ, ಸಮುದ್ರದ ತೇವವನ್ನು ಹೀರುತ್ತ ಬಿದ್ದಿದ್ದ ಬೀಜ ತಾನಾಗಿಯೇ ಉಬ್ಬಿ, ಬಣ್ಣಗೆಟ್ಟು, ತನ್ನ ಹುಳಿಯನ್ನು ಬಹುಮಟ್ಟಿಗೆ ಕಳೆದುಕೊಂಡು ದಡ ಸೇರುತ್ತಿತ್ತು. ಅದನ್ನು ದೋಷವೆಂದು ತಿರಸ್ಕರಿಸುವುದಿರಲಿ, ಅಲ್ಲಿನ ಜನ ಆ ಮೃದುವಾದ ರುಚಿಗೇ ಒಗ್ಗಿಹೋದರು. 1869ರಲ್ಲಿ ಸುಯೆಜ್ ಕಾಲುವೆ ತೆರೆದು, ಹಬೆಯ ಹಡಗುಗಳು ಬಂದು ಪ್ರಯಾಣದ ಅವಧಿ ಕುಗ್ಗಿದಾಗ ಬೀಜ ಹಸುರಾಗಿಯೇ ತಲುಪತೊಡಗಿತು. ಗಿರಾಕಿಗಳು ಹಳೆಯ ರುಚಿಯನ್ನೇ ಬೇಡಿದರು. ಆಗ ಪಶ್ಚಿಮ ಕರಾವಳಿಯ ವರ್ತಕರು, ಹಡಗಿನ ತಳದಲ್ಲಿ ಆಕಸ್ಮಿಕವಾಗಿ ಆಗುತ್ತಿದ್ದುದನ್ನು ದಡದ ಮೇಲೆಯೇ ಮಳೆಗಾಲದ ಗಾಳಿಯ ನೆರವಿನಿಂದ ಸಾಧಿಸುವ ಕ್ರಮವನ್ನು ರೂಢಿಸಿದರು. ಇಂದು ಅರೇಬಿಕಾ, ರೊಬಸ್ಟಾ ಎರಡೂ ಜಾತಿಯ ಮಾನ್ಸೂನ್ಡ್ ಮಲಬಾರ್ ಕಾಫಿಗಳಿಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ.

ತಯಾರಿಕೆಯ ಕ್ರಮವನ್ನು ತಿಳಿಯದೆ ರುಚಿ ನೋಡಲು ಕುಳಿತುಕೊಳ್ಳುವವನಿಗೆ, ತಾನು ಏನನ್ನು ಹುಡುಕಬೇಕೆಂಬುದೇ ಹೊಳೆಯದು. ಇದಕ್ಕೆ ಆರಿಸುವುದು ನೀರಿನಲ್ಲಿ ತೊಳೆದು ಸಂಸ್ಕರಿಸಿದ ಪಾರ್ಚ್‌ಮೆಂಟ್ ಕಾಫಿಯನ್ನಲ್ಲ; ಹಣ್ಣನ್ನು ಹಾಗೆಯೇ ಕಣದಲ್ಲಿ ಬಿಸಿಲಿಗೆ ಒಣಗಿಸಿ, ಆಮೇಲೆ ಸಿಪ್ಪೆ ಬಿಡಿಸಿದ ಚೆರಿ ಕಾಫಿಯನ್ನು. ಅದರಲ್ಲಿಯೂ ದಪ್ಪ ಬೀಜವನ್ನು ಜರಡಿಯಿಂದ ಬೇರ್ಪಡಿಸಿ, ಹದಿನೈದಿಪ್ಪತ್ತು ಸೆಂಟಿಮೀಟರಿನಷ್ಟು ದಪ್ಪವಾಗಿ ಹರಡಿ, ನಾಲ್ಕೈದು ದಿನ ಮತ್ತೆ ಮತ್ತೆ ಕೆದಕುತ್ತ ತೇವವನ್ನು ಹೀರಿಸುತ್ತಾರೆ. ಸುಮಾರು ಹನ್ನೊಂದು ಶೇಕಡಾ ತೇವಾಂಶವಿದ್ದ ಬೀಜ ಹದಿನಾಲ್ಕು ಹದಿನೈದರ ಮಟ್ಟಕ್ಕೆ ಏರುತ್ತದೆ. ಬಳಿಕ ಗೋಣಿಚೀಲಗಳಲ್ಲಿ ಸಡಿಲವಾಗಿ ತುಂಬಿ, ಸಾಲುಸಾಲುಗಳ ನಡುವೆ ಗಾಳಿಯಾಡುವಂತೆ ಜೋಡಿಸಿ, ಆಗಾಗ ಚೀಲವನ್ನು ಬರಿದುಮಾಡಿ ಪುನಃ ತುಂಬುವ ಕೆಲಸ ಹನ್ನೆರಡರಿಂದ ಹದಿನಾರು ವಾರಗಳವರೆಗೆ ನಡೆಯುತ್ತದೆ. ಒಂದು ಚೀಲವನ್ನು ಒಂದೇ ಜಾಗದಲ್ಲಿ ಅಲುಗಾಡಿಸದೆ ಬಿಟ್ಟರೆ ಬೂಷ್ಟು ಹಿಡಿಯುವುದು ನಿಶ್ಚಯ; ಮಳೆ ಬಿಡುವು ಕೊಟ್ಟು ಬಿಸಿಲು ಬಂದರೆ ಬೀಜ ಅಸಮವಾಗಿ ಹದಗೊಳ್ಳುವುದು. ಕೊನೆಯಲ್ಲಿ ಒಣಗಿಸಿ, ಉಬ್ಬದೆ ಹಸುರಾಗಿಯೇ ಉಳಿದ ಬೀಜವನ್ನು ಕೈಯಿಂದ ಆರಿಸಿ ತೆಗೆಯಬೇಕು. ಈ ಆರಿಸುವ ಕೆಲಸದಲ್ಲಿ ಕ್ಯೂರಿಂಗ್ ವರ್ಕ್ಸ್‌ನ ಹೆಂಗಸರ ಕಣ್ಣು ಮತ್ತು ಬೆರಳು ತೋರಿಸುವ ಸೂಕ್ಷ್ಮತೆಗೆ, ಲೋಟದಲ್ಲಿ ನಮಗೆ ದೊರೆಯುವ ನಿರ್ಮಲವಾದ ರುಚಿಯು ಬಹುಮಟ್ಟಿಗೆ ಋಣಿಯಾಗಿದೆ ಎಂಬುದನ್ನು ನಾವು ಮರೆಯಲಾಗದು.

ಈಗ ಪರೀಕ್ಷೆಯ ತತ್ತ್ವಕ್ಕೆ ಬರೋಣ. ಒಂದೇ ಒಂದು ಲೋಟವನ್ನು ಮುಂದಿಟ್ಟುಕೊಂಡು ಎಷ್ಟು ಏಕಾಗ್ರತೆಯಿಂದ ಕುಡಿದರೂ, ‘ಚೆನ್ನಾಗಿದೆ’ ಎಂಬ ಒಂದು ಮಾತಿನ ಆಚೆಗೆ ನಮ್ಮ ನಾಲಗೆ ಹೋಗುವುದಿಲ್ಲ. ಅದರ ಪಕ್ಕದಲ್ಲಿ ಅದರ ಬಂಧುವಾದ ಇನ್ನೊಂದು ಕಾಫಿಯನ್ನಿಟ್ಟ ಕೂಡಲೆ, ಮೊದಲನೆಯದರಲ್ಲಿ ಏನಿದೆ, ಏನಿಲ್ಲ ಎಂಬುದು ತಾನಾಗಿ ಗೋಚರಿಸತೊಡಗುತ್ತದೆ. ಸಕಲ ಪೇಯಗಳ ವಿಷಯದಲ್ಲಿಯೂ ತಿಳಿದವರು ಅನುಸರಿಸುವ ಮಾರ್ಗ ಇದೇ. ಮೆಕ್ಸಿಕೋ ದೇಶದ ಟೆಕೀಲಾ ಎಂಬ ಮದ್ಯವು, ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಬೆಳೆಯುವ ಕತ್ತಾಳೆಯ ಬಂಧುವಾದ ನೀಲಿ ಅಗಾವೆ ಎಂಬ ಸಸ್ಯದಿಂದ, ಹಲಿಸ್ಕೊ ಮುಂತಾದ ಗೊತ್ತಾದ ಪ್ರಾಂತಗಳಲ್ಲಿ ಮಾತ್ರ ತಯಾರಾಗತಕ್ಕದ್ದು. ಅದರ ಗುಣವನ್ನು ಕಲಿಸುವವರು ಸಾಮಾನ್ಯವಾಗಿ ಪೀಪಾಯಿಯ ಸೋಂಕಿಲ್ಲದ ಬ್ಲಾಂಕೊವನ್ನು ಮೊದಲು ಕೊಟ್ಟು, ಓಕ್ ಮರದಲ್ಲಿ ಕನಿಷ್ಠ ಎರಡು ತಿಂಗಳು ಇದ್ದ ರೆಪೊಸಾಡೊವನ್ನು ಅದರ ಪಕ್ಕದಲ್ಲಿಟ್ಟು, ಕನಿಷ್ಠ ಒಂದು ವರ್ಷ ಪಕ್ವಗೊಂಡ ಆನ್ಯೆಹೊವನ್ನು ಕೊನೆಗೆ ತರುತ್ತಾರೆ. ಅಲ್ಲಿ ಓಕ್ ಮರ ಮಾಡುವ ಕಾರ್ಯವನ್ನು ಇಲ್ಲಿ ನಮ್ಮ ಮಳೆಗಾಳಿ ಮಾಡುತ್ತದೆಯಾದ್ದರಿಂದ, ಗಾಳಿಗೆ ಒಡ್ಡದ ಬೀಜವನ್ನೂ ಒಡ್ಡಿದ ಬೀಜವನ್ನೂ ಜೊತೆಜೊತೆಯಾಗಿ ನೋಡುವುದೇ ಮಂಗಳೂರಿನವರಿಗೆ ಉಚಿತವಾದ ಮೊದಲ ಪಾಠ.

ಅದಕ್ಕಾಗಿ ಮೂರು ಬಗೆಯ ಬೀಜ ಬೇಕು: ಚಿಕ್ಕಮಗಳೂರಿನ ಅಥವಾ ಕೊಡಗಿನ ಅರೇಬಿಕಾ ಪಾರ್ಚ್‌ಮೆಂಟ್ ಒಂದು, ಅರೇಬಿಕಾ ಚೆರಿ ಒಂದು, ಮಾನ್ಸೂನ್ಡ್ ಮಲಬಾರ್ ಡಬಲ್ ಎ ದರ್ಜೆಯದು ಒಂದು. ಪ್ರತಿಯೊಂದೂ ನೂರು ಗ್ರಾಮಿನಷ್ಟಿದ್ದರೆ ಧಾರಾಳವಾಯಿತು. ಚಿಕೋರಿಯ ಲೇಶವೂ ಇರಬಾರದು. ನಮ್ಮ ಫಿಲ್ಟರ್ ಕಾಫಿಗೆ ಅದು ಕೊಡುವ ಕಪ್ಪು ಬಣ್ಣವನ್ನೂ ಗಾಢತೆಯನ್ನೂ ನಾನು ಅಲ್ಲಗಳೆಯುವವನಲ್ಲ, ಆದರೆ ಬೀಜದ ಸ್ವಂತ ಸ್ವರವನ್ನು ಕೇಳಬೇಕಾದ ಈ ಸಂದರ್ಭದಲ್ಲಿ ಅದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಮೂರನ್ನೂ ಒಬ್ಬನೇ ಹುರಿಯುವವನಿಂದ, ಒಂದೇ ದಿನ, ತಿಳಿಯಾದ ಅಥವಾ ನಡುಹದದ ಹುರಿಗೆ ಹುರಿಸಿಕೊಳ್ಳುವುದು ಮೇಲು; ಕಪ್ಪಾಗಿ ಎಣ್ಣೆ ಬಿಡುವವರೆಗೆ ಹುರಿದರೆ ಎಲ್ಲ ಬೀಜವೂ ಹುರಿದ ಕಹಿಯನ್ನೇ ಹೇಳುತ್ತದೆ. ಮಾನ್ಸೂನ್ಡ್ ಬೀಜವು ಉಬ್ಬಿ ಹಗುರವಾಗಿರುವುದರಿಂದ ಅದಕ್ಕೆ ತಗ್ಗಿದ ಉರಿ ಸಾಕೆಂಬುದನ್ನು ಹುರಿಯುವವರಿಗೆ ನೆನಪಿಸಬೇಕು. ಬೀಜವನ್ನು ಪುಡಿ ಮಾಡಿಸದೆ ಇಡಿಯಾಗಿಯೇ ತಂದು, ಹುರಿದ ಮರುದಿನ ಅಥವಾ ಆ ವಾರದೊಳಗೆ, ಪರೀಕ್ಷೆಗೆ ಕುಳಿತುಕೊಳ್ಳುವ ಹೊತ್ತಿನಲ್ಲಿ, ಫಿಲ್ಟರಿಗೆ ಬೀಸುವುದಕ್ಕಿಂತ ತುಸು ತರಿಯಾಗಿ ಬೀಸಿಕೊಳ್ಳಬೇಕು.

ಸಮಯವು ಬೆಳಗಿನ ಹತ್ತು ಹನ್ನೊಂದು ಗಂಟೆಯದಾಗಿರಲಿ. ತಿಂಡಿ ಜೀರ್ಣವಾಗಿ, ಮಧ್ಯಾಹ್ನದ ಒಗ್ಗರಣೆಯ ವಾಸನೆ ಇನ್ನೂ ಏಳದಿರುವ ಹೊತ್ತು ಅದು. ಮೀನು ಹುರಿಯುವ ಮನೆಯಲ್ಲಿ, ಊದುಬತ್ತಿ ಹಚ್ಚಿದ ಕೋಣೆಯಲ್ಲಿ, ಮಲ್ಲಿಗೆ ಮುಡಿದವರ ಮಗ್ಗುಲಲ್ಲಿ ಕಾಫಿಯ ಸೂಕ್ಷ್ಮಗಂಧ ಹಿಡಿಯಲಾರದು. ಎಲೆಯಡಿಕೆ ಹಾಕಿದ ಬಾಯಿಗೆ ಆ ದಿನದ ಮಟ್ಟಿಗೆ ಬಿಡುವು ಕೊಡಬೇಕು. ನೀರಿನ ವಿಷಯದಲ್ಲಿ ವಿಶೇಷವಾದ ಎಚ್ಚರಿಕೆ ಅಗತ್ಯ, ಏಕೆಂದರೆ ಲೋಟದಲ್ಲಿರುವುದರ ಬಹುಭಾಗ ನೀರೇ. ತುಂಬೆಯಿಂದ ಬರುವ ನೇತ್ರಾವತಿಯ ನಳ್ಳಿನೀರಿನಲ್ಲಿ ಕ್ಲೋರಿನಿನ ವಾಸನೆ ತೋರಿದರೆ ಅದನ್ನು ಸೋಸಿ ಬಳಸಬೇಕು. ಕಡಲಿಗೆ ಸಮೀಪವಾದ ಬಾವಿಗಳಲ್ಲಿ ಬೇಸಗೆಯ ಕೊನೆಗೆ ಉಪ್ಪು ಸುಳಿಯುವುದುಂಟಾದ್ದರಿಂದ ಆ ನೀರನ್ನು ಬಿಡಬೇಕು. ಖನಿಜಾಂಶವೇ ಇಲ್ಲದ ಬ್ಯಾಟರಿಯ ನೀರೂ ಒಳ್ಳೆಯದಲ್ಲ, ಅದರಲ್ಲಿ ಕಾಫಿ ಸಪ್ಪೆಯಾಗುತ್ತದೆ. ಲೀಟರಿಗೆ 150 ಮಿಲಿಗ್ರಾಮಿನ ಸುಮಾರಿಗೆ ಕರಗಿದ ಖನಿಜವಿರುವ ನೀರು ಉತ್ತಮವೆಂದು ರುಚಿಪರೀಕ್ಷಕರ ಅಭಿಪ್ರಾಯ.

ಇನ್ನು ವಿಧಾನ. 200 ಮಿಲಿಲೀಟರ್ ಹಿಡಿಯುವ, ಒಂದೇ ಆಕಾರದ ಗಾಜಿನ ಅಥವಾ ಪಿಂಗಾಣಿಯ ಲೋಟಗಳನ್ನು ತೆಗೆದುಕೊಂಡು, ಒಂದೊಂದಕ್ಕೂ 11 ಗ್ರಾಂ ಪುಡಿಯನ್ನು ತೂಗಿ ಹಾಕಬೇಕು. 150 ಮಿಲಿಲೀಟರಿಗೆ 8.25 ಗ್ರಾಂ ಎಂಬುದು ಅಂತರರಾಷ್ಟ್ರೀಯ ಪದ್ಧತಿ. ನಮ್ಮ ಅಳತೆಯೂ ಅದೇ ಪ್ರಮಾಣದ್ದು. ಯಾವ ಲೋಟದಲ್ಲಿ ಯಾವ ಬೀಜವೆಂಬುದನ್ನು ತಳದಲ್ಲಿ ಗುರುತು ಮಾಡಿ, ಲೋಟಗಳನ್ನು ಜೋಡಿಸಿದವರ ಹೊರತು ಬೇರೆಯವರಿಗೆ ತಿಳಿಯದಂತೆ ಇಡುವುದು ಅತ್ಯವಶ್ಯ, ಏಕೆಂದರೆ ಹೆಸರನ್ನು ಕೇಳಿದ ಮನಸ್ಸು ನಾಲಗೆಗಿಂತ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಮೊದಲು ಒಣಪುಡಿಯನ್ನು ಮೂಸಬೇಕು. ಬಳಿಕ ಕುದಿ ಇಳಿದು ಸುಮಾರು 93 ಡಿಗ್ರಿಗೆ ಬಂದ ನೀರನ್ನು ಲೋಟ ತುಂಬ ಎರೆದು, ಮುಟ್ಟದೆ ನಾಲ್ಕು ನಿಮಿಷ ಬಿಡಬೇಕು. ಮೇಲೆ ದಪ್ಪ ಕೆನೆಯಂತೆ ಪುಡಿ ತೇಲಿ ನಿಂತಿರುತ್ತದೆ. ಮೂಗನ್ನು ಲೋಟದ ಅಂಚಿನ ಹತ್ತಿರಕ್ಕೆ ತಂದು, ಚಮಚದ ಹಿಂಬದಿಯಿಂದ ಆ ಪದರವನ್ನು ಮೂರು ಸಾರಿ ಮೆಲ್ಲನೆ ಸೀಳಿದಾಗ ಥಟ್ಟನೆ ಮೇಲೇಳುವ ಪರಿಮಳವೇ ಇಡೀ ಪರೀಕ್ಷೆಯಲ್ಲಿ ಅತ್ಯಂತ ಸತ್ಯವಾದ ಕ್ಷಣ, ಆ ಕ್ಷಣದಲ್ಲಿ ಹೊಳೆದ ಮಾತನ್ನು ತಡಮಾಡದೆ ಬರೆದಿಟ್ಟುಕೊಳ್ಳಬೇಕು. ಆಮೇಲೆ ನೊರೆಯನ್ನೂ ತೇಲುವ ಪುಡಿಯನ್ನೂ ಚಮಚದಿಂದ ತೆಗೆದುಹಾಕಿ, ನೀರೆರೆದು ಎಂಟು ಹತ್ತು ನಿಮಿಷವಾದ ಮೇಲೆ, ಬಾಯಿ ಸುಡದಷ್ಟು ಆರಿದಾಗ, ಒಂದು ಚಮಚದಷ್ಟನ್ನು ಸೊರ್ ಎಂದು ಶಬ್ದವಾಗುವಂತೆ ಗಾಳಿಯ ಸಮೇತ ಬಾಯಿಗೆಳೆದುಕೊಳ್ಳಬೇಕು. ಊಟದ ಪಂಕ್ತಿಯಲ್ಲಿ ಇದು ಅಸಭ್ಯತೆಯಾದೀತು; ಇಲ್ಲಿಯಾದರೋ ಕಾಫಿಯು ತುಂತುರಾಗಿ ನಾಲಗೆಯ ಮೇಲೆಲ್ಲ ಹರಡಿ, ಅದರ ಆವಿ ಗಂಟಲಿನ ಹಿಂಭಾಗದಿಂದ ಮೂಗನ್ನು ಸೇರುವುದಕ್ಕೆ ಬೇರೆ ಉಪಾಯವಿಲ್ಲ. ರುಚಿ ನೋಡಿದುದನ್ನು ನುಂಗದೆ ಒಂದು ಪಾತ್ರೆಗೆ ಉಗುಳುವುದು ಕ್ಷೇಮ; ಅನೇಕ ಲೋಟಗಳ ಕೆಫೀನ್ ಒಮ್ಮೆಗೇ ಹೊಟ್ಟೆ ಸೇರಿದರೆ ರಾತ್ರಿ ನಿದ್ರೆ ಬಾರದು. ಚಮಚವನ್ನು ಲೋಟದಿಂದ ಲೋಟಕ್ಕೆ ಬಿಸಿನೀರಿನಲ್ಲಿ ಅದ್ದಿ ತೊಳೆಯಬೇಕು.

ಒಂದು ಸುತ್ತಿಗೆ ಮುಗಿಸಬಾರದು. ಬಿಸಿಯಾಗಿದ್ದಾಗ, ಉಗುರುಬೆಚ್ಚಗಾದಾಗ, ಪೂರ್ತಿ ಆರಿದಾಗ, ಹೀಗೆ ಮೂರು ಹಂತಗಳಲ್ಲಿ ಅದೇ ಲೋಟಗಳಿಗೆ ಮರಳಬೇಕು. ಬಿಸಿಯು ಅನೇಕ ದೋಷಗಳನ್ನು ಮರೆಮಾಡುತ್ತದೆ. ಒಳ್ಳೆಯ ಕಾಫಿ ಆರಿದ ಮೇಲೆಯೂ ಸವಿಯಾಗಿ ಉಳಿಯುತ್ತದೆ, ಕೆಟ್ಟದ್ದು ಆಗ ತನ್ನ ಬಣ್ಣವನ್ನು ಬಯಲು ಮಾಡುತ್ತದೆ. ಈ ಮೂರು ಸುತ್ತುಗಳಲ್ಲಿ ಗಮನಿಸಬೇಕಾದ ಗುಣಗಳು ಹಲವಿದ್ದರೂ, ಹೊಸಬರು ಹುಳಿ, ಮೈ (ಎಂದರೆ ಬಾಯಲ್ಲಿ ತೋರುವ ಘನತೆ) ಮತ್ತು ಉಳಿರುಚಿ ಎಂಬ ಮೂರನ್ನು ಹಿಡಿದುಕೊಂಡರೆ ಸಾಕೆಂದು ನನ್ನ ಅಭಿಪ್ರಾಯ. ಪಾರ್ಚ್‌ಮೆಂಟ್ ಕಾಫಿಯಲ್ಲಿ ನಾಲಗೆಯ ಅಂಚುಗಳು ಚುರುಕಾಗಿ, ಬಾಯಲ್ಲಿ ನೀರೂರಿಸುವ ತಿಳಿಯಾದ ಹುಳಿ ಎದ್ದು ತೋರುತ್ತದೆ. ಚೆರಿಯಲ್ಲಿ ಹುಳಿ ತಗ್ಗಿ, ಒಣಹಣ್ಣಿನ ಸಿಹಿ ಮುಂದೆ ಬರುತ್ತದೆ, ಮೈ ಕೊಂಚ ತುಂಬಿಕೊಳ್ಳುತ್ತದೆ. ಇವೆರಡರಿಂದ ಮಾನ್ಸೂನ್ಡ್ ಮಲಬಾರಿಗೆ ಬಂದಾಗ, ಹುಳಿಯೆಂಬುದು ಹೆಚ್ಚುಕಡಮೆ ಮಾಯವಾಗಿ, ಅದರ ಜಾಗದಲ್ಲಿ ನಾಲಗೆಯ ಮೇಲೆ ಭಾರವಾಗಿ ನಿಲ್ಲುವ ಒಂದು ಘನತೆಯೂ, ಮಣ್ಣಿನ, ಹಳೆಯ ಮರದ, ಜಾಯಿಕಾಯಿಯ ನೆನಪನ್ನು ತರುವ ಗಂಧವೂ, ಉಗುಳಿದ ಮೇಲೆಯೂ ಬಹಳ ಹೊತ್ತು ಉಳಿಯುವ ಒಂದು ಮಂದವಾದ ಮಸಾಲೆಯ ರುಚಿಯೂ ಅನುಭವಕ್ಕೆ ಬರುತ್ತವೆ. ಮೊದಲ ಸಾರಿ ಕೆಲವರಿಗೆ ಇದು ಹಿಡಿಸದಿರಬಹುದು. ಅವರನ್ನು ಒತ್ತಾಯಿಸಲಾಗದು, ಏಕೆಂದರೆ ಗುರುತಿಸುವುದು ಬೇರೆ, ಮೆಚ್ಚುವುದು ಬೇರೆ, ಮತ್ತು ಈ ಕಲಿಕೆಯಲ್ಲಿ ಗುರುತಿಸುವುದೇ ಮೊದಲು ಬರತಕ್ಕದ್ದು.

ಗಂಧಗಳಿಗೆ ಹೆಸರಿಡುವ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ವಿಚಾರಿಸಬೇಕಾಗಿದೆ. ವಿದೇಶದಲ್ಲಿ ಅಚ್ಚಾದ ರುಚಿಚಕ್ರಗಳಲ್ಲಿ ಬ್ಲೂಬೆರಿ, ಮೇಪಲ್ ಪಾಕ ಮುಂತಾದ ಶಬ್ದಗಳಿರುತ್ತವೆ; ಅವುಗಳನ್ನು ಎಂದೂ ತಿಂದರಿಯದವನು ಕಾಫಿಯಲ್ಲಿ ಅವನ್ನು ಕಂಡೆನೆಂದು ಹೇಳುವುದರಲ್ಲಿ ಅರ್ಥವಿಲ್ಲ. ನಮ್ಮ ಸ್ಮೃತಿಯಲ್ಲಿ ಪುನರ್ಪುಳಿಯಿದೆ, ಅಂಬಟೆಕಾಯಿಯಿದೆ, ನೆಲ್ಲಿಯನ್ನು ತಿಂದು ನೀರು ಕುಡಿದಾಗಿನ ಸಿಹಿಯಿದೆ, ಓಲೆಬೆಲ್ಲವಿದೆ, ಹುರಿದ ಗೇರುಬೀಜವಿದೆ, ಹಲಸಿನ ಹಣ್ಣಿನ ಹಪ್ಪಳವಿದೆ, ಮೊದಲ ಮಳೆಗೆ ನೆನೆದ ಮುರಕಲ್ಲಿನ ವಾಸನೆಯಿದೆ. ಪರೀಕ್ಷೆಗೆ ಕುಳಿತವರು ಈ ಶಬ್ದಗಳನ್ನೇ ನಿಸ್ಸಂಕೋಚವಾಗಿ ಬಳಸಲಿ. ಗುಂಪಿನಲ್ಲಿ ಮೊದಲು ಎಲ್ಲರೂ ಮೌನವಾಗಿ ಬರೆದುಕೊಂಡು, ಕೊನೆಗೆ ಓದಿ ಹೇಳುವ ನಿಯಮವಿದ್ದರೆ ಒಬ್ಬರ ಮಾತು ಇನ್ನೊಬ್ಬರ ನಾಲಗೆಯನ್ನು ಆಳುವುದು ತಪ್ಪುತ್ತದೆ. ಮನೆಯ ಹಿರಿಯರು ಕುಳಿತಿದ್ದರೆ ಕಿರಿಯರು ಮೊದಲು ಓದುವುದು ಇನ್ನೂ ಒಳ್ಳೆಯದು. ಹುಳಿಹುಳಿಯಲ್ಲಿಯೇ ಭೇದವನ್ನು ಅರಿಯಲಾಗದವರಿಗೆ ಒಂದು ಅಭ್ಯಾಸವಿದೆ: ಒಂದು ಲೋಟ ನೀರಿಗೆ ಕೆಲವು ತೊಟ್ಟು ನಿಂಬೆರಸ, ಇನ್ನೊಂದಕ್ಕೆ ಕೆಲವು ತೊಟ್ಟು ವಿನಿಗರ್ ಬೆರೆಸಿ ಒಂದಾದ ಮೇಲೊಂದು ನೋಡಿದರೆ, ಹಣ್ಣಿನ ಹುಳಿಗೂ ಹಣ್ಣು ಕೊಳೆತು ಹುದುಗಿದ ಹುಳಿಗೂ ಇರುವ ಅಂತರ ಸ್ಪಷ್ಟವಾಗುತ್ತದೆ. ಮೊದಲನೆಯದು ಕಾಫಿಯಲ್ಲಿ ಗುಣ, ಎರಡನೆಯದು ಕಣದಲ್ಲಿ ನಡೆದ ಅಲಕ್ಷ್ಯದ ಫಲ.

ಮಾನ್ಸೂನ್ಡ್ ಕಾಫಿಯಲ್ಲಿ ಗುಣದೋಷಗಳ ನಡುವಣ ಗೆರೆ ಬಹಳ ಸೂಕ್ಷ್ಮವಾದುದು. ಒದ್ದೆ ಮಣ್ಣಿನ ಗಂಧ ಅದಕ್ಕೆ ಸಹಜ. ಮುಚ್ಚಿಟ್ಟ ಪೆಟ್ಟಿಗೆಯ ಬೂಷ್ಟು ವಾಸನೆ ಸಹಜವಲ್ಲ. ಗೋಣಿಯ ವಾಸನೆ ಲವಲೇಶ ಇರಬಹುದು. ಔಷಧದ ಅಂಗಡಿಯ ಅಯೋಡಿನ್ನಿನಂಥ ವಾಸನೆ ಬಂದರೆ ಆ ಬೀಜವನ್ನು ಕೈಬಿಡಬೇಕು. ಮಾನ್ಸೂನ್ಡ್ ಕಾಫಿಯನ್ನು ಕೊಳ್ಳುವ ಮೊದಲು, ಸಾಧ್ಯವಾದರೆ ಹುರಿಯದ ಬೀಜವನ್ನು ಅಂಗೈಯಲ್ಲಿಟ್ಟು ನೋಡುವುದು ಲೇಸು: ಬೀಜವೆಲ್ಲ ಒಂದೇ ಸಮನಾದ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ದುಂಡಗೆ ಉಬ್ಬಿರಬೇಕು. ನಡುನಡುವೆ ಹಸುರು ಬೀಜ ಕಂಡರೆ ಆರಿಸುವಿಕೆ ಸರಿಯಾಗಿಲ್ಲವೆಂದೂ, ಕಪ್ಪು ಚುಕ್ಕೆಯೋ ಸಣ್ಣ ರಂಧ್ರವೋ ಕಂಡರೆ ಹುಳುವಿನ ಬಾಧೆಯಿದೆಯೆಂದೂ ತಿಳಿಯಬೇಕು. ಮುಕ್ಕಾದ ಬೀಜಗಳನ್ನು ಬೆರೆಸಿದ ಟ್ರಯಾಜ್ ದರ್ಜೆ ಅಗ್ಗದಲ್ಲಿ ಸಿಕ್ಕುತ್ತದೆ. ಮನೆಬಳಕೆಗೆ ಅದು ಸಲ್ಲಬಹುದಾದರೂ ಕಲಿಕೆಗೆ ಸಲ್ಲದು.

ಎರಡನೆಯ ಸಾರಿ ಸೇರಿದಾಗ ತ್ರಿಕೋನ ಪರೀಕ್ಷೆ ಎಂಬ ಕ್ರಮವನ್ನು ನಡೆಸಬಹುದು. ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಕಾಫಿ, ಮೂರನೆಯದರಲ್ಲಿ ಬೇರೆಯದು. ಯಾವುದು ಬೇರೆಯೆಂದು ಹೇಳಬೇಕು, ಅಷ್ಟೆ. ಚೆರಿಗೂ ಮಾನ್ಸೂನ್ಡಿಗೂ ಇಟ್ಟ ಪರೀಕ್ಷೆಯಲ್ಲಿ ಹೊಸಬರೂ ಗೆಲ್ಲುವುದುಂಟು. ಮಾನ್ಸೂನ್ಡ್ ಅರೇಬಿಕಾಕ್ಕೂ ಮಾನ್ಸೂನ್ಡ್ ರೊಬಸ್ಟಾಕ್ಕೂ ಇಟ್ಟರೆ ಕಷ್ಟ ಹೆಚ್ಚುತ್ತದೆ, ಏಕೆಂದರೆ ಮಳೆಗಾಳಿಯು ಎರಡನ್ನೂ ಒಂದೇ ದಿಕ್ಕಿಗೆ ಎಳೆದಿರುತ್ತದೆ. ನೂರಕ್ಕೆ ಇಷ್ಟು ಅಂಕ ಎಂದು ಕಾಫಿಯನ್ನು ಅಳೆಯುವ ಪದ್ಧತಿಯೊಂದು ಪ್ರಪಂಚದಲ್ಲಿ ರೂಢಿಯಲ್ಲಿದೆ, 80 ಮತ್ತು ಅದಕ್ಕೆ ಮೇಲ್ಪಟ್ಟುದನ್ನು ವಿಶಿಷ್ಟ ದರ್ಜೆಯೆಂದು ಕರೆಯುತ್ತಾರೆ. ವ್ಯಾಪಾರಕ್ಕೆ ಅದು ಬೇಕಾದುದೇ ಸರಿ, ಆದರೆ ಕಲಿಯುವವನು ಅಂಕದ ಗೊಡವೆಗೆ ಹೋಗದೆ ಶಬ್ದಗಳನ್ನೇ ಸಂಗ್ರಹಿಸುತ್ತ ಹೋಗುವುದು ಶ್ರೇಯಸ್ಕರ. ಅದೂ ಅಲ್ಲದೆ, ಹುಳಿಯ ಚೆಲುವನ್ನು ಮುಖ್ಯವಾಗಿ ಮೆಚ್ಚುವ ಕಣ್ಣಿನಿಂದ ನೋಡಿದರೆ, ಹುಳಿಯನ್ನು ಬಿಟ್ಟುಕೊಟ್ಟೇ ತನ್ನತನವನ್ನು ಪಡೆದ ನಮ್ಮ ಕರಾವಳಿಯ ಕಾಫಿಗೆ ನ್ಯಾಯ ಸಿಕ್ಕುವುದು ಕಷ್ಟ.

ಇನ್ನೂ ಆಳವಾಗಿ ಕಲಿಯಬಯಸುವವರಿಗೆ ನಮ್ಮ ನಾಡಿನಲ್ಲಿಯೇ ಅನುಕೂಲಗಳಿವೆ. 1942ರ ಕಾಯಿದೆಯಂತೆ ರೂಪುಗೊಂಡ ಕಾಫಿ ಮಂಡಳಿಯು ಬೆಂಗಳೂರಿನಲ್ಲಿ ರುಚಿಪರೀಕ್ಷೆಯ ಪ್ರಯೋಗಾಲಯವನ್ನು ಹೊಂದಿದ್ದು, ಹುರಿಯುವ ಮತ್ತು ತಯಾರಿಸುವ ವಿದ್ಯೆಯನ್ನು ‘ಕಾಪಿ ಶಾಸ್ತ್ರ’ ಎಂಬ ತರಬೇತಿಯ ಮೂಲಕ ಕಲಿಸುತ್ತದೆ; ಕಾಫಿಯ ಗುಣಮಟ್ಟದ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾವನ್ನೂ ನಡೆಸುತ್ತದೆ. ಅದೇ ಮಂಡಳಿಯಲ್ಲಿ ರುಚಿಪರೀಕ್ಷಕಿಯಾಗಿ ದುಡಿದು, ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿಪರೀಕ್ಷಕಿಯೆಂದು ಹೆಸರಾಗಿ, ಬಳಿಕ ಬೆಂಗಳೂರಿನಲ್ಲಿ ಕಾಫಿಲ್ಯಾಬ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ ಸುನಾಲಿನಿ ಮೆನನ್ ಅವರ ಜೀವನ, ನಾಲಗೆಯ ಶಿಕ್ಷಣವು ಎಷ್ಟು ದೂರ ಒಯ್ಯಬಲ್ಲುದೆಂಬುದಕ್ಕೆ ಸಾಕ್ಷಿ. ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳನ್ನು ನೋಡಬೇಕೆನ್ನುವವರು ಮೊದಲೇ ಬರೆದು ಅನುಮತಿ ಪಡೆದು, ಜುಲೈ ಆಗಸ್ಟ್ ತಿಂಗಳುಗಳಲ್ಲಿ, ಎಂದರೆ ಆಟಿಯ ಮಳೆ ಸುರಿಯುವಾಗಲೇ ಹೋಗಬೇಕು. ಬೇಸಗೆಯಲ್ಲಿ ಹೋದರೆ ನೋಡಲು ಚೀಲಗಳ ರಾಶಿ ಮಾತ್ರ ಉಳಿದಿರುತ್ತದೆ.

ಮೂರನೆಯ ಸಾರಿಗೆ ಹಾಲನ್ನು ತರಬಹುದು. ಹಾಲಿಲ್ಲದ ಕಾಫಿಯನ್ನು ನಮ್ಮ ಮನೆಗಳಲ್ಲಿ ಕುಡಿಯುವವರು ವಿರಳವಾದ್ದರಿಂದ, ಈ ಬೀಜ ನಿತ್ಯದ ಬಳಕೆಗೆ ಹೊಂದುವುದೇ ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ದೊರೆಯಬೇಕು. ಮೂರು ಬೀಜಗಳನ್ನೂ ಫಿಲ್ಟರಿಗೆ ತಕ್ಕಂತೆ ಸಣ್ಣಗೆ ಬೀಸಿ, ಬೇರೆ ಬೇರೆಯಾಗಿ ಡಿಕಾಕ್ಷನ್ ಇಳಿಸಿ, ಒಂದು ಪಾಲು ಡಿಕಾಕ್ಷನ್ನಿಗೆ ಎರಡು ಪಾಲು ಬಿಸಿಹಾಲು ಸೇರಿಸಿ, ಸಕ್ಕರೆ ಹಾಕದೆ ನೋಡಬೇಕು. ಪಾರ್ಚ್‌ಮೆಂಟಿನ ತಿಳಿಹುಳಿ ಹಾಲಿನಲ್ಲಿ ಬಹುಪಾಲು ಅಡಗಿಹೋಗುತ್ತದೆ. ಮಾನ್ಸೂನ್ಡ್ ಮಲಬಾರಿನ ಮೈ ಹಾಲನ್ನು ಎದುರಿಸಿ ನಿಲ್ಲುತ್ತದೆ, ಚಿಕೋರಿಯ ಸಹಾಯವಿಲ್ಲದೆಯೇ ನಿಲ್ಲುತ್ತದೆ. ಇಟಲಿಯ ಎಸ್ಪ್ರೆಸೊ ಮಿಶ್ರಣಗಳಿಗೆ ಇದನ್ನು ಬೆರೆಸುವುದೂ ಈ ಘನತೆಗಾಗಿಯೇ. ಪರೀಕ್ಷೆ ಮುಗಿದು ಉಳಿದ ಬೀಜವನ್ನು ಗಾಳಿಯಾಡದ ಡಬ್ಬದಲ್ಲಿ, ಒಲೆಯಿಂದಲೂ ಬೆಳಕಿನಿಂದಲೂ ದೂರವಿಟ್ಟು, ದಿನಕ್ಕೆ ಬೇಕಾದಷ್ಟನ್ನೇ ಬೀಸಿಕೊಂಡು ಮೂರು ವಾರದೊಳಗೆ ಮುಗಿಸಬೇಕು. ಮಳೆಗಾಲದಲ್ಲಿ ಡಬ್ಬದ ಬಾಯನ್ನು ತೆರೆದಿಟ್ಟು ಮಾತಿಗೆ ಕುಳಿತುಕೊಳ್ಳಬಾರದು, ಹುರಿಯದ ಬೀಜಕ್ಕೆ ಉಪಕಾರ ಮಾಡಿದ ಗಾಳಿಯೇ ಹುರಿದ ಬೀಜದ ಪರಿಮಳವನ್ನು ಕೆಲವೇ ದಿನಗಳಲ್ಲಿ ಕೊಂಡೊಯ್ಯುತ್ತದೆ.